ಹೆಣ್ಣು ನೋಡಲು ಬಂದವರಿಗೆ ಸ್ಯಾಂಡ್‌ವಿಚ್ಚು

ಸ್ಯಾಂಡ್‌ವಿಚ್ ಮಾಡುವುದು ಬಹಳ ಸುಲಭ. ಎರಡು ತುಂಡು ಬ್ರೆಡ್ಡು ಇರಬೇಕು, ನಡುವೆ ಏನಾದರೂ ಇರಬೇಕು. ಒಲೆ ಹಚ್ಚಬೇಕಾಗಿಲ್ಲ, ಹೊಗೆ ಕುಡಿಯಬೇಕಾಗಿಲ್ಲ, ಒಗ್ಗರಣೆ ಸೀದುಹೋಗುವ ಭಯವಿಲ್ಲ. ಇಂಥ ಪದಾರ್ಥ ಲೋಕದಲ್ಲಿ ಇರುವಾಗ ನಮ್ಮ ಹೆಂಗಸರು ಬೆಳಗಾದರೆ ರೊಟ್ಟಿ ಬಡಿಯುತ್ತ ಯಾಕೆ ಕೂರುತ್ತಾರೋ ಎಂದು ನನಗೆ ನಿಜವಾಗಿಯೂ ಆಶ್ಚರ್ಯವಾಗುತ್ತಿತ್ತು. ಆಗ, ಅಂದರೆ ಆಣೆ ಹೋಗಿ ನಯಾಪೈಸೆ ಬಂದ ಹೊಸದರಲ್ಲಿ, ನಾನು ಶಿಕಾರಿಪುರದ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತವನಿಗೆ ಅಡುಗೆಮನೆಯ ಕೆಲಸವೆಲ್ಲ ಸುಲಭವಾಗಿಯೇ ಕಾಣುತ್ತದೆ.

ಸ್ಯಾಂಡ್‌ವಿಚ್ಚಿನ ವಿಷಯದಲ್ಲಿ ನನಗೆ ಖುದ್ದು ಅನುಭವವೂ ಇತ್ತು. ಒಮ್ಮೆ ಕಂದಾಯದ ಲೆಕ್ಕ ನೋಡುವ ಜಮಾಬಂದಿ ಕ್ಯಾಂಪಿಗೆಂದು ದೊಡ್ಡ ಸಾಹೇಬರ ಹಿಂದೆ ಸೊರಬಕ್ಕೆ ಹೋಗಿದ್ದೆ. ಪ್ರವಾಸಿ ಮಂದಿರದಲ್ಲಿ ಅವರ ಅಡುಗೆಯವನು ತಟ್ಟೆ ತುಂಬ ಸ್ಯಾಂಡ್‌ವಿಚ್ ಮಾಡಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಇಟ್ಟಿದ್ದ. ಸಾಹೇಬರು ಏನು ಖುಷಿಯಲ್ಲಿದ್ದರೋ, ಒಂದನ್ನು ನನ್ನ ಕೈಗೂ ಕೊಟ್ಟರು. ಬೆಣ್ಣೆ, ಸೌತೆಕಾಯಿ, ಹಸಿರು ಚಟ್ನಿ. ಅಂಚು ತೆಗೆದು ಮೂರು ಮೂಲೆಯಾಗಿ ಕತ್ತರಿಸಿದ್ದರು. ಬಾಯಿಗೆ ಇಟ್ಟದ್ದಷ್ಟೇ ಗೊತ್ತು, ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಂದು ತಿಂದಿದ್ದರಿಂದ ಮಾಡುವುದೂ ಬಂದ ಹಾಗಾಯಿತು ಎಂದುಕೊಂಡು ಶಿಕಾರಿಪುರಕ್ಕೆ ವಾಪಸಾದೆ.

ಇಲ್ಲಿ ನನ್ನ ತಂಗಿ ಗಿರಿಜೆಯ ವಿಷಯ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಅವಳ ಮದುವೆ ನನ್ನ ತಲೆಯ ಮೇಲೆ ಬಂದಿತ್ತು. ಅವಳನ್ನು ನೋಡಲು ಆಗಲೇ ಮೂರು ಕಡೆಯವರು ಬಂದು ಹೋಗಿದ್ದರು. ಮೂರು ಸಲವೂ ಒಂದೇ ಶಾಸ್ತ್ರ. ಜಮಖಾನ ಹಾಸುವುದು, ಬಂದವರು ಕೂರುವುದು, ಗಿರಿಜೆ ತಲೆ ತಗ್ಗಿಸಿಕೊಂಡು ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ತಂದಿಡುವುದು. ಅವಳ ಹೆಸರೇನು ಎಂದು ಕೇಳಿದರೆ ಅದನ್ನೂ ನನ್ನ ಹೆಂಡತಿ ಸುಶೀಲೆಯೇ ಹೇಳುವುದು. ಹುಡುಗಿ ಬಾಯಿ ಬಿಡುವಂತಿರಲಿಲ್ಲ. ಹಾಡು ಎಂದರೆ ಮಾತ್ರ ಬಿಡಬೇಕಿತ್ತು. ಮೂರು ಕಡೆಯವರೂ ತಿಂದು, ಕೈ ತೊಳೆದು, ತಿಳಿಸುತ್ತೇವೆ ಎಂದು ಹೋದರು. ಯಾರೂ ತಿಳಿಸಲಿಲ್ಲ. ಮೂರನೆಯವರಂತೂ ಉಪ್ಪಿಟ್ಟನ್ನು ಇನ್ನೊಂದು ಸಲ ಹಾಕಿಸಿಕೊಂಡು ತಿಂದು ಹೋಗಿದ್ದರು.

ನಾಲ್ಕನೆಯ ಸಂಬಂಧ ಸೊರಬದ ಹತ್ತಿರದ ಜಡೆ ಎಂಬ ಊರಿನಿಂದ ಬಂತು. ಹುಡುಗ ಶಿವಾನಂದ. ಮೈಸೂರಿನಲ್ಲಿ ಓದಿ ಬಂದು ಸೊರಬದಲ್ಲಿ ಮೇಷ್ಟ್ರಾಗಿದ್ದ. ಬರುವ ಭಾನುವಾರ ದೊಡ್ಡಪ್ಪನ ಜತೆ ಬರುತ್ತಾನೆ ಎಂದು ಸುದ್ದಿ ಬಂತು. ಅದನ್ನು ಹೇಳಲು ಹಿತ್ತಲಿಗೆ ಹೋದಾಗ ಗಿರಿಜೆ ಬಟ್ಟೆ ಒಗೆಯುತ್ತಿದ್ದಳು. ಕೈಯಲ್ಲಿದ್ದ ಸೀರೆಯನ್ನು ಹಿಂಡುತ್ತ, ನನ್ನ ಮುಖ ನೋಡದೆ ಹೇಳಿದಳು.

"ಅಣ್ಣಾ, ಇದೊಂದು ಸಲ ತಟ್ಟೆ ಹಿಡಕೊಂಡು ಬಂದು ನಿಲ್ತೀನಿ. ಇದೂ ಆಗಲಿಲ್ಲ ಅಂದ್ರೆ ಮತ್ತೆ ಯಾರನ್ನೂ ಕರೀಬೇಡ. ನನಗೆ ನಾಚಿಕೆ ಆಗ್ತದೆ."

ಅವಳು ಹಟಮಾರಿ, ಆಡಿದ ಮಾತಿಗೆ ತಪ್ಪುವವಳಲ್ಲ. ಅಂದರೆ ಭಾನುವಾರ ಕೆಟ್ಟರೆ ತಂಗಿಯ ಮದುವೆಯೇ ಕೆಟ್ಟ ಹಾಗೆ. ಏನಾದರೂ ಮಾಡಿ ಈ ಸಂಬಂಧವನ್ನು ಕುದುರಿಸಲೇಬೇಕು ಎಂದು ನಿಶ್ಚಯಿಸಿದೆ.

ಹಿಂದಿನ ಮೂರು ಸೋಲುಗಳನ್ನು ಕಚೇರಿಯ ಕ್ರಮದಲ್ಲಿ ಪರಿಶೀಲನೆಗೆ ತೆಗೆದುಕೊಂಡೆ. ಹುಡುಗಿಯಲ್ಲಿ ದೋಷವಿಲ್ಲ. ಮನೆತನದಲ್ಲಿ ದೋಷವಿಲ್ಲ. ನನ್ನಲ್ಲಿ ದೋಷವಿರುವ ಪ್ರಶ್ನೆಯೇ ಉದ್ಭವಿಸುವುದಿಲ್ಲ. ಮೂರು ಸಂದರ್ಭಗಳಲ್ಲೂ ತಪ್ಪದೆ ಹಾಜರಿದ್ದ ಇನ್ನೊಂದು ವಸ್ತುವೆಂದರೆ ಉಪ್ಪಿಟ್ಟು. ಆದಕಾರಣ ಉಪ್ಪಿಟ್ಟೇ ತಪ್ಪಿತಸ್ಥ ಎಂದು ತೀರ್ಮಾನಿಸಿದೆ. ಮೈಸೂರಿನಲ್ಲಿ ಓದಿದ ಹುಡುಗನ ಮುಂದೆ ಎಲ್ಲರ ಮನೆಯಲ್ಲೂ ಸಿಗುವ ಉಪ್ಪಿಟ್ಟು ಇಟ್ಟರೆ ಅವನು ನಮ್ಮನ್ನು ನೆನಪಿಟ್ಟುಕೊಳ್ಳುವುದಾದರೂ ಹೇಗೆ? ಸ್ಯಾಂಡ್‌ವಿಚ್ ಇಟ್ಟರೆ ನೆನಪಿಟ್ಟುಕೊಳ್ಳುತ್ತಾನೆ. ಈ ಒಂದು ಮಾತು ಮಾತ್ರ ಮುಂದೆ ನಿಜವಾಯಿತು.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದೆ. ಭಾನುವಾರಕ್ಕೆ ಬ್ರೆಡ್ಡು ತರುತ್ತೇನೆ ಎಂದ ಕೂಡಲೇ ಸುಶೀಲೆ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು.

"ಯಾಕ್ರೀ, ಯಾರಿಗೆ ಜ್ವರ?"

ಅವಳ ತಪ್ಪೇನೂ ಇಲ್ಲ. ಆ ಕಾಲಕ್ಕೆ ನಮ್ಮ ಊರಿನಲ್ಲಿ ಬ್ರೆಡ್ಡಿಗೆ ಇದ್ದದ್ದು ಒಂದೇ ಉಪಯೋಗ. ಜ್ವರ ಬಂದು ಮಲಗಿದವರಿಗೆ ಡಾಕ್ಟರು ಅನ್ನ ನಿಲ್ಲಿಸಿ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ಕೊಡಿ ಎನ್ನುತ್ತಿದ್ದರು. ಗಟ್ಟಿಮುಟ್ಟಾಗಿರುವವರು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅದು ಸಿಗುತ್ತಿದ್ದದ್ದೂ ಬಸ್ ನಿಲ್ಲುವ ಜಾಗದ ಹತ್ತಿರ, ಸರ್ಕಾರಿ ಆಸ್ಪತ್ರೆಯ ಎದುರಿನ ಇಮಾಮ್ ಸಾಬರ ಅಂಗಡಿಯಲ್ಲಿ, ಮೋಸಂಬಿ, ಕಿತ್ತಳೆ, ಗ್ಲೂಕೋಸ್ ಪುಡಿಯ ಪಕ್ಕದಲ್ಲಿ. ನಾನು ಸುಶೀಲೆಗೆ ಇದನ್ನು ದೊಡ್ಡ ದೊಡ್ಡ ಸಾಹೇಬರೇ ತಿನ್ನುತ್ತಾರೆ ಎಂದು ತಿಳಿಸಿ ಹೇಳಿದೆ. ಸಾಹೇಬರಿಗೆ ಮೈ ಸರಿಯಿಲ್ಲವೇನೋ ಎಂದಳು.

ಅವ್ವನ ತಕರಾರು ಬೇರೆ ಇತ್ತು. ಬ್ರೆಡ್ಡಿನ ಹಿಟ್ಟು ಉಬ್ಬಲಿ ಎಂದು ಅದಕ್ಕೆ ಹೆಂಡ ಹಾಕುತ್ತಾರೆ ಎಂದು ಅವಳು ಯಾರಿಂದಲೋ ಕೇಳಿದ್ದಳು. ಜ್ವರದವರು ತಿಂದರೆ ಅದು ಔಷಧಿ, ಶಿವನೂ ಏನೂ ಅನ್ನುವುದಿಲ್ಲ. ಸುಮ್ಮಸುಮ್ಮನೆ ತಿಂದರೆ ಹೆಂಡ ಕುಡಿದ ಹಾಗೆ. ಕೊನೆಗೆ ಬಹಳ ಹೊತ್ತು ವಾದ ಮಾಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಅಡುಗೆಮನೆಯಲ್ಲಿ ದೇವರ ಜಗುಲಿ ಇರುವುದರಿಂದ ಬ್ರೆಡ್ಡು ಅದರ ಹೊಸ್ತಿಲು ದಾಟಕೂಡದು. ಬೆಣ್ಣೆ, ಸೌತೆಕಾಯಿ, ಚಟ್ನಿಯನ್ನು ಒಳಗಿನಿಂದ ಕೊಡುತ್ತಾರೆ. ಕೊಟ್ಟ ಪಾತ್ರೆ ಮತ್ತೆ ಒಳಗೆ ಬರಕೂಡದು. ಅಡುಗೆಮನೆಯ ಚಾಕು, ಈಳಿಗೆಮಣೆ ಕೇಳಕೂಡದು. ಮತ್ತು ಈ ಸಲ ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ಕೇರಿಯಲ್ಲಿ ಯಾರಿಗೂ ಬಾಯಿ ಬಿಡಕೂಡದು. ಮೂರು ಸಲವೂ ಕೇರಿಯವರ ಕಣ್ಣು ಬಿದ್ದೇ ಕೆಟ್ಟಿತು ಎಂಬುದು ಅವ್ವನ ತೀರ್ಮಾನ. ಅವಳದು ಕಣ್ಣು, ನನ್ನದು ಉಪ್ಪಿಟ್ಟು. ಎಲ್ಲ ಷರತ್ತಿಗೂ ಒಪ್ಪಿಕೊಂಡೆ.

ಶನಿವಾರ ಕಚೇರಿ ಬಿಟ್ಟ ಮೇಲೆ ಇಮಾಮ್ ಸಾಬರ ಅಂಗಡಿಗೆ ಹೋಗಿ ಮೂರು ಬ್ರೆಡ್ಡು ಕೊಡಿ ಎಂದೆ. ಸಾಬರು ಬಹಳ ಒಳ್ಳೆಯ ಮನುಷ್ಯ, ಮಾತು ಮೆತ್ತಗೆ. ಜನ ಅರ್ಧ ಬ್ರೆಡ್ಡು ಒಯ್ಯುವುದನ್ನು ಅವರು ನೋಡಿದ್ದರು, ಒಂದು ಒಯ್ಯುವುದನ್ನು ನೋಡಿದ್ದರು. ಒಂದೇ ಮನೆಗೆ ಮೂರು ಒಯ್ಯುವುದನ್ನು ಕಂಡಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು, ಮನೆಯಲ್ಲಿ ಯಾರಿಗೆ ಸ್ವಾಮಿ ಎಂದು ಕೇಳಿದರು. ಅವ್ವನ ಷರತ್ತಿನ ಪ್ರಕಾರ ನಾನು ಹೇಳುವ ಹಾಗಿರಲಿಲ್ಲ. ಸುಮ್ಮನೆ ತಲೆ ಆಡಿಸಿದೆ. ಸಾಬರು ಮತ್ತೆ ಕೇಳಲಿಲ್ಲ. ಇದ್ದುದರಲ್ಲಿ ಹೊಸದಾದ ಬ್ರೆಡ್ಡು ಆರಿಸಿ ಕೊಟ್ಟು, ಹಾಲು ಉಗುರುಬೆಚ್ಚಗಿರಲಿ, ಧೈರ್ಯವಾಗಿರಿ, ಎಲ್ಲಾ ಅವನ ಕೈಯಲ್ಲಿದೆ ಎಂದು ನನ್ನ ಭುಜ ಮುಟ್ಟಿ ಕಳಿಸಿದರು. ಎಂಥ ಮರ್ಯಾದಸ್ಥರು ಎಂದುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ಬೀದಿಗೆ ಮುಖ ಮಾಡಿದ ಜಗುಲಿಯ ಮೇಲೆ ಚಾಪೆ ಹಾಸಿ ಕೆಲಸಕ್ಕೆ ಕೂತೆ. ಬೇರೆ ಜಾಗವಿರಲಿಲ್ಲ. ಒಳಗೆ ನಡುಮನೆಯಲ್ಲಿ ಜಮಖಾನ ಹಾಸಿ ಸಿದ್ಧ ಮಾಡಿದ್ದರು, ಹಿತ್ತಲಲ್ಲಿ ಗಿರಿಜೆಯ ಎಣ್ಣೆಸ್ನಾನ ನಡೆದಿತ್ತು. ಬ್ರೆಡ್ಡು ಈಗಿನ ಹಾಗೆ ಹೋಳು ಮಾಡಿ ಬರುತ್ತಿರಲಿಲ್ಲ, ಇಡೀ ದಿಮ್ಮಿಯೇ ಬರುತ್ತಿತ್ತು. ಕತ್ತರಿಸಲು ಅಡುಗೆಮನೆಯ ಚಾಕು ಕೊಡುವುದಿಲ್ಲವಲ್ಲ, ಹುಲ್ಲು ಕೊಯ್ಯುವ ಕುಡುಗೋಲನ್ನು ಚೆನ್ನಾಗಿ ತಿಕ್ಕಿ ತೊಳೆದು ತಂದೆ. ಕುಡುಗೋಲು ಎಷ್ಟೆಂದರೂ ಬಗ್ಗಿದ ಆಯುಧ. ಹೋಳುಗಳು ಒಂದು ಕಡೆ ಹೆಬ್ಬೆರಳು ದಪ್ಪ, ಇನ್ನೊಂದು ಕಡೆ ವೀಳ್ಯದೆಲೆ ತೆಳ್ಳಗೆ ಬಂದವು. ಅಂಚು ತೆಗೆಯಲು ಹೋದಾಗ ಎಷ್ಟೋ ಹೋಳುಗಳಿಗೆ ಅಂಚೇ ಉಳಿದಿತ್ತು, ಒಳಗಿನದು ಹೋಗಿತ್ತು.

ಬೀದಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು, ಬ್ರೆಡ್ಡಿನ ರಾಶಿ ನೋಡಿ, ತ್ಚು ತ್ಚು ಎಂದು ಮುಂದೆ ಹೋಗುತ್ತಿದ್ದರು. ನನ್ನ ಕತ್ತರಿಸುವ ಕೆಲಸಕ್ಕೇ ಹಾಗೆ ಅನ್ನುತ್ತಾರೆ ಎಂದು ನನಗೆ ಸಿಟ್ಟು ಬಂತು. ಕುಡುಗೋಲಿನಲ್ಲಿ ಇವರಾದರೂ ಎಷ್ಟು ನೇರ ಕೊಯ್ದಾರು!

ಒಳಗಿನಿಂದ ಸುಶೀಲೆ ಹೊಸ್ತಿಲ ಮೇಲೆ ಪಾತ್ರೆಗಳನ್ನು ಇಟ್ಟು ಹಿಂದೆ ಸರಿದಳು. ಬೆಣ್ಣೆ ಚೆನ್ನಾಗಿತ್ತು. ಸೌತೆಕಾಯಿ ಎಳೆಯದು. ಕೊತ್ತಂಬರಿ ಚಟ್ನಿ ಮಾತ್ರ ಬಗ್ಗಿಸಿದರೆ ಹರಿಯುವಷ್ಟು ನೀರು. ಸಾಹೇಬರ ಚಟ್ನಿ ಗಟ್ಟಿಯಾಗಿತ್ತು ಎಂದು ಹೇಳಿದೆ. "ನೀವು ಚಟ್ನಿ ಬೇಕು ಅಂದ್ರಿ. ಇದು ಚಟ್ನಿ" ಎಂದಷ್ಟೇ ಹೇಳಿ ಒಳಗೆ ಹೋದಳು. ಕಾನೂನಿನ ದೃಷ್ಟಿಯಿಂದ ಅವಳ ಮಾತಿನಲ್ಲಿ ಲೋಪವಿರಲಿಲ್ಲ. ಬೆಣ್ಣೆ ಸವರಿ, ಚಟ್ನಿ ಸುರಿದು, ಸೌತೆಕಾಯಿ ಜೋಡಿಸಿ, ಮೇಲೆ ಇನ್ನೊಂದು ಹೋಳು ಒತ್ತಿ, ದೊಡ್ಡ ತಟ್ಟೆಯಲ್ಲಿ ಸಾಲಾಗಿ ಇಟ್ಟೆ. ಪಕ್ಕಕ್ಕೆ ಸುಟ್ಟ ಹಪ್ಪಳ ಮತ್ತು ಬಾಳೆಹಣ್ಣು. ನೋಡಲು ಪ್ರವಾಸಿ ಮಂದಿರದ ತಟ್ಟೆಯಷ್ಟು ಅಲ್ಲದಿದ್ದರೂ ಅದರ ನೆಂಟರ ತಟ್ಟೆಯ ಹಾಗಂತೂ ಇತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಸಾಹೇಬರ ಅಡುಗೆಯವನು ಒದ್ದೆ ಬಟ್ಟೆ ಹೊದಿಸಿದ್ದು ನೆನಪಾಯಿತು. ಅವನು ಬಟ್ಟೆಯನ್ನು ಹಿಂಡಿ ಹೊದಿಸಿದ್ದನೋ ಹಾಗೇ ಹೊದಿಸಿದ್ದನೋ ನಾನು ನೋಡಿರಲಿಲ್ಲ. ಜಾಸ್ತಿ ಒದ್ದೆಯಾದಷ್ಟೂ ಜಾಸ್ತಿ ಮೆತ್ತಗಾಗುತ್ತದೆ ಎಂದು ತರ್ಕಿಸಿ, ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ನೀರು ಸೋರುತ್ತಿದ್ದ ಹಾಗೇ ಹೊದಿಸಿ, ಮುಖಕ್ಷೌರಕ್ಕೆ ಹೋದೆ. ಬಂದು ತೆಗೆದು ನೋಡಿದರೆ ಸ್ಯಾಂಡ್‌ವಿಚ್ಚುಗಳು ಇರಲಿಲ್ಲ. ತಟ್ಟೆಯ ಆಕಾರದ ಒಂದೇ ಸ್ಯಾಂಡ್‌ವಿಚ್ ಇತ್ತು, ಹಪ್ಪಳವೂ ಅದರಲ್ಲಿ ಸೇರಿಕೊಂಡಿತ್ತು.

ಬಸ್ಸು ಬರುವ ಹೊತ್ತಾಗಿತ್ತು. ಒದ್ದೆಯಾದದ್ದನ್ನು ಒಣಗಿಸಬೇಕು, ಒಲೆಗೆ ಇಡುವ ಹಾಗಿಲ್ಲ. ಒಲೆ ಇರುವುದು ಹೊಸ್ತಿಲ ಆಚೆ. ಆಗ ನನಗೆ ಪಕ್ಕದ ಮನೆಯ ನೀಲಮ್ಮನವರ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ನೆನಪಾಯಿತು. ಓಡಿಹೋಗಿ ಕೇಳಿದೆ. ಹೇಗೂ ತಮ್ಮ ಯಜಮಾನರ ಅಂಗಿ ಇಸ್ತ್ರಿ ಮಾಡುತ್ತಿದ್ದರು, ಕೆಂಡದ ಸಮೇತ ಕೊಟ್ಟರು. ಕೊಡುವಾಗ ಜಗುಲಿಯ ಕಡೆ ಒಂದು ಸಲ ನೋಡಿ, ಏನಣ್ಣಾ ಇದೆಲ್ಲ, ಅಷ್ಟೊಂದು ಬ್ರೆಡ್ಡು ಎಂದು ಮೆಲ್ಲಗೆ ಕೇಳಿದರು. ನನಗೆ ಅವಸರ. ಎಲ್ಲ ನಮ್ಮ ಗಿರಿಜೆಗೋಸ್ಕರ ಕಣ್ರೀ, ಅವಳಿಗೆ ಒಂದು ಒಳ್ಳೇದಾದರೆ ಸಾಕು ಎಂದು ಹೇಳಿ ಓಡಿಬಂದೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಗುಟ್ಟನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವ್ವನ ಷರತ್ತು ಎಷ್ಟು ನಾಜೂಕಾಗಿ ಪಾಲಿಸಿದೆ ಎಂದು ಹೆಮ್ಮೆಯೇ ಆಯಿತು.

ಸ್ಯಾಂಡ್‌ವಿಚ್ಚುಗಳನ್ನು ಕುಡುಗೋಲಿನಿಂದ ಒಂದನ್ನೊಂದು ಬಿಡಿಸಿ ಇಸ್ತ್ರಿ ಮಾಡತೊಡಗಿದೆ. ಮೊದಲನೆಯದಕ್ಕೆ ಪೆಟ್ಟಿಗೆಯ ತೂತಿನಿಂದ ಬೂದಿ ಉದುರಿತು. ಆಮೇಲೆ ನಡುವೆ ಒಂದು ಬಟ್ಟೆ ಇರಲಿ ಎಂದು ಕೈಗೆ ಸಿಕ್ಕಿದ ಬಟ್ಟೆ ಹಾಕಿದೆ. ಅದು ನಾನು ಅಂದು ಉಡಬೇಕೆಂದು ಮಡಿಸಿಟ್ಟಿದ್ದ ಬಿಳಿ ಪಂಚೆ ಎಂದು ಚಟ್ನಿ ಇಳಿದ ಮೇಲೆ ಗೊತ್ತಾಯಿತು. ಬೆಣ್ಣೆ ಕರಗಿ ಚಾಪೆಗೆ ಹೋಯಿತು. ಪ್ರತಿ ಸ್ಯಾಂಡ್‌ವಿಚ್ಚಿನ ಮೇಲೂ ಇಸ್ತ್ರಿ ಪೆಟ್ಟಿಗೆಯ ಮೂತಿ ಕಂದು ಬಣ್ಣದಲ್ಲಿ ಸ್ಪಷ್ಟವಾಗಿ ಮೂಡಿತು. ವಾಸನೆ ಗಂಜಿ ಹಾಕಿದ ಅಂಗಿಯದು. ಸುಶೀಲೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಮಡಿಸಿ ಕೊಡ್ತೀರೋ ಹ್ಯಾಂಗರಿಗೆ ಹಾಕ್ತೀರೋ ಎಂದು ಕೇಳಿದಳು. ನಾನು ಮುಂದಿನದಕ್ಕೆ ಪೆಟ್ಟಿಗೆ ಒತ್ತಿದೆ.

ಅಷ್ಟರಲ್ಲಿ ಜಡೆಯವರು ಬಂದೇ ಬಿಟ್ಟರು. ಹುಡುಗನ ದೊಡ್ಡಪ್ಪ ಚನ್ನಬಸಪ್ಪನವರು ಮುಂದೆ, ಹುಡುಗ ಹಿಂದೆ. ನಾನು ತಟ್ಟೆಯನ್ನು ಒಳಕೋಣೆಗೆ ಸಾಗಿಸಿ, ಹಳೆಯ ಪಂಚೆಯ ಮೇಲೆ ಕಚೇರಿಯ ಕೋಟು ಹಾಕಿಕೊಂಡು ಎದುರುಗೊಂಡೆ. ಚನ್ನಬಸಪ್ಪನವರ ಕೈಯಲ್ಲಿ ಒಂದು ಚೀಲ ಕಿತ್ತಳೆಹಣ್ಣು, ಮತ್ತು ಗ್ಲೂಕೋಸ್ ಪುಡಿಯ ಡಬ್ಬಿ. ಹೆಣ್ಣು ನೋಡಲು ಬರುವವರು ಹೂವು ತರುವುದುಂಟು, ಹಣ್ಣು ತರುವುದುಂಟು. ಗ್ಲೂಕೋಸ್ ತಂದಿದ್ದನ್ನು ನಾನು ಕಂಡಿರಲಿಲ್ಲ. ಸೊರಬದ ಕಡೆಯ ಪದ್ಧತಿ ಇರಬಹುದು ಎಂದುಕೊಂಡು ಭಕ್ತಿಯಿಂದ ತೆಗೆದುಕೊಂಡೆ.

ಕೂತ ಮೇಲೆ ಚನ್ನಬಸಪ್ಪನವರು ತಗ್ಗಿದ ದನಿಯಲ್ಲಿ, ಈಗ ಹೇಗಿದೆ ಎಂದು ಕೇಳಿದರು. ಎಲ್ಲ ಚೆನ್ನಾಗಿದೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಬಸ್ ಇಳಿದು ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ನಮ್ಮ ಮನೆಯ ದಾರಿ ಕೇಳಿದರಂತೆ. ಪಾಪ ಅವರ ಮನೆಯಲ್ಲಿ ಯಾರಿಗೋ ಬಹಳ ಜಾಸ್ತಿಯಾಗಿದೆ, ಒಟ್ಟಿಗೆ ಮೂರು ಬ್ರೆಡ್ಡು ಒಯ್ದಿದ್ದಾರೆ ಎಂದು ಸಾಬರು ಹೇಳಿದರಂತೆ. ಬರಿಗೈಯಲ್ಲಿ ಬರಬಾರದೆಂದು ಇವರು ಅಲ್ಲೇ ಹಣ್ಣು ತೆಗೆದುಕೊಂಡರಂತೆ. ಇಂಥ ಹೊತ್ತಿನಲ್ಲಿ ಬಂದು ತೊಂದರೆ ಕೊಟ್ಟೆವು, ಇನ್ನೊಂದು ಸಲ ಬಂದರಾಗುತ್ತಿತ್ತು ಎಂದು ಅವರು ಏಳಲು ಹೊರಟರು. ಇನ್ನೊಂದು ಸಲ ಎಂಬುದು ಇರಲಿಲ್ಲವಲ್ಲ. ಯಾರಿಗೂ ಏನೂ ಆಗಿಲ್ಲ, ಎಲ್ಲರೂ ಕಲ್ಲಿನ ಹಾಗೆ ಇದ್ದೇವೆ ಎಂದು ಅವರ ಕೈ ಹಿಡಿದು ಕೂರಿಸಿದೆ.

ಕೂತರು. ಆ ಗಳಿಗೆಗೆ ಸರಿಯಾಗಿ ಪಕ್ಕದ ಮನೆಯ ನೀಲಮ್ಮನವರು ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದುಕೊಂಡು ಒಳಗೆ ಬಂದರು.

"ಗಂಜಿ ತಂದೀನಿ ಅಣ್ಣಾ. ಗಿರಿಜೆ ಹೆಂಗಿದಾಳೆ ಈಗ? ಎರಡು ದಿನದಿಂದ ಬಾವಿ ಕಡೆ ಬರದೇ ಇದ್ದಾಗಲೇ ಅಂದ್ಕೊಂಡೆ."

ಅವಳು ಬಾವಿಗೆ ಹೋಗದಿದ್ದದ್ದು ಬಿಸಿಲಿಗೆ ಕಪ್ಪಾಗಬಾರದು ಎಂದು ಅವ್ವ ಕೂಡಿಹಾಕಿದ್ದಕ್ಕೆ. ಅದನ್ನು ಈಗ ಯಾರಿಗೆ ಹೇಳುವುದು? ಚನ್ನಬಸಪ್ಪನವರು ಗಂಜಿ ನೋಡಿದರು, ನನ್ನನ್ನು ನೋಡಿದರು, ಹುಡುಗನನ್ನು ನೋಡಿದರು. ಕಾಯಿಲೆಯ ಹುಡುಗಿಯನ್ನು ಮುಚ್ಚಿಟ್ಟು ದಾಟಿಸುತ್ತಿದ್ದಾರೆ ಎಂದು ಅವರ ಮುಖದ ಮೇಲೆ ಬರೆದಿತ್ತು. ಒಳಗೆ ಬಾಗಿಲ ಹಿಂದೆ ಬಳೆಯ ಸದ್ದು ನಿಂತುಹೋಯಿತು. ಗಿರಿಜೆ ಅಲ್ಲೇ ನಿಂತು ಎಲ್ಲ ಕೇಳುತ್ತಿದ್ದಾಳೆ ಎಂದು ಗೊತ್ತಾಗಿ ನನಗೆ ತಲೆ ಕೆಟ್ಟುಹೋಯಿತು. ಎದ್ದು ನಿಂತು, ಇಡೀ ಕೇರಿಗೆ ಕೇಳುವ ಹಾಗೆ ಸತ್ಯವನ್ನು ಹೇಳಿಬಿಟ್ಟೆ.

"ನಮ್ಮ ಮನೇಲಿ ಯಾರಿಗೂ ಕಾಯಿಲೆ ಇಲ್ಲ ಸ್ವಾಮೀ. ಆ ಬ್ರೆಡ್ಡು ನಿಮಗೇ ತಂದಿದ್ದು!"

ನೀಲಮ್ಮನವರ ಗಂಜಿಯಿಂದ ಹಬೆ ಮಾತ್ರ ಏಳುತ್ತಿತ್ತು.

"ನಮಗಾ?" ಎಂದರು ಚನ್ನಬಸಪ್ಪನವರು. "ನಮಗೆಂತಾಗಿದೆ ಮಾರಾಯ್ರೆ?"

ಇದಕ್ಕೆ ಉತ್ತರವಾಗಿ ನಾನು ಜಮಾಬಂದಿ, ಸಾಹೇಬರು, ಪ್ರವಾಸಿ ಮಂದಿರ, ಸೌತೆಕಾಯಿ ಎಂದೆಲ್ಲ ಏನೇನೋ ಹೇಳಿದೆ. ಹೇಳಿದಷ್ಟೂ ಅವರ ಹುಬ್ಬು ಮೇಲೆ ಹೋಯಿತು. ಗಟ್ಟಿಮುಟ್ಟಾಗಿ ಬಂದ ಬೀಗರಿಗೆ ರೋಗಿಯ ಪಥ್ಯ ಬಡಿಸುವ ಮನೆಯನ್ನು ಅವರು ಹಿಂದೆ ಕಂಡಿರಲಾರರು. ಮಾತಿನಿಂದ ಆಗದ್ದು ರುಚಿಯಿಂದ ಆದೀತು ಎಂದು, ತಿಂಡಿ ತರಲು ಒಳಗೆ ಕೂಗಿ ಹೇಳಿದೆ.

ಗಿರಿಜೆ ತಟ್ಟೆ ಹಿಡಿದು ಬಂದಳು. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ. ಅಣ್ಣನಾದ ನಾನು ಹೇಳಬಾರದು, ಲಕ್ಷಣವಾಗಿ ಕಾಣುತ್ತಿದ್ದಳು. ಕಣ್ಣು ಮಾತ್ರ ಕೆಂಪಾಗಿತ್ತು. ಮೊದಲು ದೊಡ್ಡಪ್ಪನವರ ಮುಂದೆ ಹಿಡಿದಳು. ಅವರು ಬಗ್ಗಿ ನೋಡಿ, ಇಸ್ತ್ರಿ ಪೆಟ್ಟಿಗೆಯ ಮೂತಿಯ ಗುರುತನ್ನು ಬಹಳ ಹೊತ್ತು ಪರೀಕ್ಷೆ ಮಾಡಿ, ಒಂದು ಬಾಳೆಹಣ್ಣು ತೆಗೆದುಕೊಂಡರು. ಆಮೇಲೆ ಹುಡುಗನ ಮುಂದೆ ಬಗ್ಗಿದಳು. ಅವನು ಮರ್ಯಾದೆಗೆ ಒಂದು ಸ್ಯಾಂಡ್‌ವಿಚ್ ಕೈಗೆತ್ತಿಕೊಂಡ. ಅವಳು ಏಳುವುದು ಸ್ವಲ್ಪ ತಡವಾಯಿತು. ಅವನು ತಟ್ಟನೆ ತಲೆಯೆತ್ತಿ ಅವಳ ಮುಖ ನೋಡಿದ. ನೋಡಿದವನ ಮುಖ ಅರಳಿತು. ಇನ್ನೂ ಬಾಯಿಗೂ ಇಟ್ಟಿಲ್ಲ, ಕೈಯಲ್ಲಿ ಹಿಡಿದದ್ದಕ್ಕೇ ಇಷ್ಟು ಪರಿಣಾಮ! ಮೈಸೂರು ನೋಡಿದವನಿಗೆ ಸ್ಯಾಂಡ್‌ವಿಚ್ಚಿನ ಬೆಲೆ ಗೊತ್ತು ಎಂದುಕೊಂಡೆ. ನನಗೆ ಹೋದ ಜೀವ ಬಂತು.

ಅದೇ ಹೊತ್ತಿಗೆ ಒಳಗಿನಿಂದ ಅವ್ವ, ನನಗೆ ಒಂದು ಮಾತೂ ಹೇಳದೆ ಮಾಡಿಟ್ಟಿದ್ದ ಉಪ್ಪಿಟ್ಟು, ಕೇಸರಿಬಾತು ಕಳಿಸಿದಳು. ತುಪ್ಪದ ಘಮ ನಡುಮನೆಗೆಲ್ಲ ಹರಡಿತು. ಚನ್ನಬಸಪ್ಪನವರ ಹುಬ್ಬು ಅಲ್ಲಿಗೆ ಕೆಳಗಿಳಿಯಿತು. ತಿಂದರು, ಮತ್ತೆ ಹಾಕಿಸಿಕೊಂಡರು. ಉಪ್ಪಿಟ್ಟನ್ನು ಎರಡನೇ ಸಲ ಹಾಕಿಸಿಕೊಂಡವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು.

ಕೈ ತೊಳೆದು ಬಂದು ಚನ್ನಬಸಪ್ಪನವರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಬಾಗಿಲ ಹಿಂದಿನ ಬಳೆಗಳು ಒಮ್ಮೆ ಸದ್ದು ಮಾಡಿದವು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗ, ತಿಳಿಸೋದೆಂತ ದೊಡ್ಡಪ್ಪ, ನನಗೆ ಒಪ್ಪಿಗೆ ಎಂದುಬಿಟ್ಟ. ದೊಡ್ಡಪ್ಪ ಅವನನ್ನು ಪಕ್ಕಕ್ಕೆ ಕರೆದು, ಹುಡುಗಿಯ ಆರೋಗ್ಯ ಎಂದು ಏನೋ ಪಿಸುಗುಟ್ಟಿದರು. ಹುಡುಗಿ ಗಟ್ಟಿಯಾಗಿದ್ದಾರೆ, ಅದು ನನಗೆ ಗೊತ್ತಾಯಿತು ಎಂದು ಅವನು ಎಲ್ಲರಿಗೂ ಕೇಳುವ ಹಾಗೇ ಹೇಳಿದ. ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ನನಗೆ ಆಗಲೇ ಕಣ್ಣಲ್ಲಿ ನೀರು ಬಂದಿತ್ತು.

ಅವರನ್ನು ಬಸ್ ಹತ್ತಿಸಿ ಬಂದ ಮೇಲೆ ತಟ್ಟೆ ಹಾಗೇ ಇತ್ತು. ತಂಗಿಯ ಮದುವೆ ಮಾಡಿಸಿದ ಪದಾರ್ಥವನ್ನು ಬೀದಿಗೆ ಎಸೆಯುವುದು ಕೃತಘ್ನತೆ ಎಂದು ಅಷ್ಟನ್ನೂ ನಾನೇ ತಿಂದೆ. ಬುಧವಾರ ಇಮಾಮ್ ಸಾಬರ ಅಂಗಡಿಯ ಮುಂದೆ ಹೊಟ್ಟೆ ಹಿಡಿದುಕೊಂಡು ನಿಂತು ಅರ್ಧ ಬ್ರೆಡ್ಡು ಕೇಳಿದೆ. ಯಾರಿಗೆ ಸ್ವಾಮಿ ಎಂದರು. ನನಗೇ ಎಂದೆ. ಅಂತೂ ಅವರ ಮಾತು ಸುಳ್ಳಾಗಲಿಲ್ಲ.

ಮದುವೆ ಸಾಂಗವಾಗಿ ಆಯಿತು. ಆ ವರ್ಷದುದ್ದಕ್ಕೂ ಕಚೇರಿಯಲ್ಲಿ, ಕೇರಿಯಲ್ಲಿ, ಕೇಳಿದವರಿಗೆ ಕೇಳದವರಿಗೆ, ಹೊಸ ಕಾಲದ ಹುಡುಗರಿಗೆ ಹೊಸ ಕಾಲದ ತಿಂಡಿ ಕೊಡಬೇಕು, ಉಪ್ಪಿಟ್ಟಿನಿಂದ ಆಗುವ ಕೆಲಸವಲ್ಲ ಎಂದು ಉಪದೇಶ ಮಾಡಿದೆ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿದ್ದ ಇಬ್ಬರು ನನ್ನ ಹತ್ತಿರ ಮಾಡುವ ಕ್ರಮವನ್ನೂ ಕೇಳಿ ತಿಳಿದುಕೊಂಡರು. ಇಸ್ತ್ರಿ ಪೆಟ್ಟಿಗೆಯ ಭಾಗವನ್ನು ಮಾತ್ರ ಹೇಳಲಿಲ್ಲ.

ದೀಪಾವಳಿಗೆ ಗಿರಿಜೆ, ಅವಳ ಗಂಡ ಶಿವಾನಂದ ಇಬ್ಬರೂ ಬಂದರು. ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ ನಾನು ಮೆಲ್ಲಗೆ ಮಾತು ತೆಗೆದೆ. ನಿಜ ಹೇಳಿ ಭಾವ, ಅವತ್ತು ಸ್ಯಾಂಡ್‌ವಿಚ್ ಕೈಗೆ ಸಿಕ್ಕ ಕೂಡಲೇ ನೀವು ಒಪ್ಪಿಬಿಟ್ಟಿರಿ ಅಲ್ಲವೇ ಎಂದೆ. ಅವನು ಗಿರಿಜೆಯ ಕಡೆ ನೋಡಿ ನಗತೊಡಗಿದ. ಅವಳು ಬೇಡ ಬೇಡ ಎಂದು ಕೈಯಾಡಿಸಿದಳು. ಅವನು ಬಿಡಲಿಲ್ಲ.

ಅದಕ್ಕೂ ಮೊದಲು ಅವನು ಎರಡು ಮನೆಗಳಲ್ಲಿ ಹೆಣ್ಣು ನೋಡಿದ್ದನಂತೆ. ಎರಡು ಕಡೆಯೂ ತಲೆ ತಗ್ಗಿಸಿಕೊಂಡು ಬಂದರು, ತಟ್ಟೆ ಇಟ್ಟರು, ಹೋದರು. ಒಂದು ಮಾತೂ ಆಡಿರದ ಹುಡುಗಿಯನ್ನು ಒಪ್ಪುವುದು ಹೇಗೆ, ಬಿಡುವುದು ಹೇಗೆ ಎಂದು ಅವನಿಗೆ ಬೇಸರ ಬಂದಿತ್ತಂತೆ. ನಮ್ಮ ಮನೆಗೆ ಬಂದಾಗ, ಅವನು ಮರ್ಯಾದೆಗೆ ಕಟ್ಟುಬಿದ್ದು ಆ ಇಸ್ತ್ರಿ ಮಾಡಿದ ಬ್ರೆಡ್ಡನ್ನು ಬಾಯಿಗೆ ಇಡಬೇಕು ಅನ್ನುವಷ್ಟರಲ್ಲಿ, ಬಗ್ಗಿದ್ದ ಹುಡುಗಿ ತುಟಿ ಅಲುಗಿಸದೆ ಹೇಳಿದಳಂತೆ.

"ಅದನ್ನ ತಿನ್ನಬೇಡಿ. ಒಳಗೆ ಉಪ್ಪಿಟ್ಟಿದೆ."

ಇಡೀ ಮನೆ ನಕ್ಕಿತು. ಅವ್ವ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. ಸುಶೀಲೆ ನಗುತ್ತ ಎದ್ದು ಅಡುಗೆಮನೆಗೆ ಹೋದಳು, ಅಲ್ಲಿಂದಲೂ ನಗುವುದು ಕೇಳುತ್ತಿತ್ತು. ಹುಡುಗಿ ಬಾಯಿ ಬಿಡಬಾರದ ಶಾಸ್ತ್ರದಲ್ಲಿ, ಅಪರಿಚಿತನ ಹೊಟ್ಟೆಗೆ ಕೇಡಾಗಬಾರದೆಂದು ನನ್ನ ತಂಗಿ ಬಾಯಿ ಬಿಟ್ಟಿದ್ದಳು. ಆ ಒಂದು ಮಾತಿಗೆ ಮದುವೆ ಆಗಿತ್ತು. ನಾನು ಒಂದು ವರ್ಷ ಊರೆಲ್ಲ ಉಪದೇಶ ಮಾಡಿಕೊಂಡು ತಿರುಗಿದ್ದೆ.

ಆದರೂ ನನ್ನ ಪಾಲು ಏನೂ ಇಲ್ಲ ಎಂದು ಹೇಳಲಾಗದು. ತಿನ್ನಬೇಡಿ ಎಂದು ಹೇಳಬೇಕಾದರೆ ತಿನ್ನಬಾರದ ಪದಾರ್ಥವೊಂದು ಹುಡುಗನ ಕೈಯಲ್ಲಿ ಇರಬೇಕಾಗುತ್ತದೆ. ಅದನ್ನು ಒದಗಿಸಿದವನು ನಾನು.